ಳಕಾರದ ಸ್ಥಾನ: ಮುದ್ದೇಬಿಹಾಳ ಸೀಮೆಯ ಊರ ಹೆಸರುಗಳೂ ಗಣಕದ ಅಕಾರಾದಿಯೂ

ತಂಗಡಗಿ, ತಾಳಿಕೋಟೆ, ತಾವರಗೇರಾ. ಮೊದಲೆರಡು ಮುದ್ದೇಬಿಹಾಳ ಸೀಮೆಯ ಊರುಗಳು, ಮೂರನೆಯದು ಕೊಪ್ಪಳ ಜಿಲ್ಲೆಯದು. ಪೈಥಾನ್ ಭಾಷೆಯಲ್ಲಿ ಇವನ್ನು ನೇರವಾಗಿ ವಿಂಗಡಿಸಿದರೆ ಬರುವ ಕ್ರಮವೂ ಇದೇ. ಕನ್ನಡ ನಿಘಂಟು ಬಳಸಿದವರ ಕಣ್ಣಿಗೆ ಇದು ತಪ್ಪು. ನಮ್ಮ ವರ್ಣಮಾಲೆಯಲ್ಲಿ ಹಕಾರದ ಬಳಿಕ ಳಕಾರ; ಆದ್ದರಿಂದ ತಾವರಗೇರಾ ಮುಂದೆ, ತಾಳಿಕೋಟೆ ಹಿಂದೆ ಇರಬೇಕು. ಬಸವನ ಬಾಗೇವಾಡಿಗಿಂತ ಮೊದಲು ಬಳ್ಳಾರಿ ಬಂದು ಕೂರುವುದೂ ಈ ಕಾರಣಕ್ಕೇ.

ದೋಷ ಪೈಥಾನಿನದಲ್ಲ. ಅದು ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಖ್ಯೆಗಳನ್ನು ಹೋಲಿಸುತ್ತದೆ. ದಶಮಾನದಲ್ಲಿ ಹೇಳುವುದಾದರೆ ಲ 3250, ಳ 3251, ವ 3253, ಹ 3257. ಯೂನಿಕೋಡಿನ ಭಾರತೀಯ ಲಿಪಿಗಳ ಜೋಡಣೆ ಇಸ್ಕಿ (ISCII) ಎಂಬ ಹಿಂದಿನ ಗಣಕ ಸಂಕೇತವನ್ನು ಅನುಸರಿಸಿತು. ಇಸ್ಕಿ ಎಲ್ಲ ಲಿಪಿಗಳನ್ನೂ ದೇವನಾಗರಿಯ ಒಂದೇ ಅಚ್ಚಿಗೆ ಹೊಂದಿಸಿ ಳಕಾರವನ್ನು ಲಕಾರದ ಮಗ್ಗುಲಿಗೆ ಇಟ್ಟಿತ್ತು. ವೈಯಾಕರಣ ಕೇಶಿರಾಜ ದೇಶೀಯವೆಂದು ಎಣಿಸಿದ ಎ, ಒ, ಱ, ೞ, ಳ ಎಂಬ ಐದರಲ್ಲಿ ೞಕಾರದ ಪಾಡು ಇನ್ನೂ ಕೆಟ್ಟದು: ಅದರ ಸಂಖ್ಯೆ 3294, ಸ್ವರಚಿಹ್ನೆಗಳನ್ನೂ ದಾಟಿದ ಮೂಲೆ. ಯೂನಿಕೋಡಿನಲ್ಲಿ ಅದರ ಅಧಿಕೃತ ಹೆಸರು ಇಂದಿಗೂ ತಪ್ಪಾಗಿ ‘ಫ’ (FA) ಎಂದೇ ಉಳಿದಿದೆ.

ಪರಿಹಾರ ಪೈಥಾನಿನಲ್ಲೇ ಇದೆ. ವಿಂಗಡಣೆಗೆ ‘ಕೀ’ ಎಂಬ ಕ್ರಿಯೆಯನ್ನು ಕೊಡಬಹುದು. ಅದು ಪ್ರತಿ ಹೆಸರನ್ನೂ ನಾವು ಬಯಸಿದ ಸಂಖ್ಯೆಗಳ ಸಾಲಾಗಿ ಮಾರ್ಪಡಿಸುತ್ತದೆ. ಳಕಾರಕ್ಕೆ ಹಕಾರಕ್ಕಿಂತ ದೊಡ್ಡ ಸಂಖ್ಯೆ ಕೊಟ್ಟರೆ ಮುಗಿಯಿತೆಂದು ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಅಷ್ಟು ಸಾಲದು. ‘ಬಸ್’ ಪದವನ್ನು ನೋಡಿ: ಹಲಂತಚಿಹ್ನೆಯ ಸಂಖ್ಯೆ 3277 ಆದುದರಿಂದ ಅದು ‘ಬಸವ’ದ ಹಿಂದಕ್ಕೆ ಸರಿಯುತ್ತದೆ. ಬರೆದ ಚಿಹ್ನೆಗಳನ್ನು ಬಿಟ್ಟು ವರ್ಣಗಳಾಗಿ ಒಡೆಯಬೇಕು: ಬ್, ಅ, ಸ್; ಬ್, ಅ, ಸ್, ಅ, ವ್, ಅ. ಆಗ ‘ಬಸ್’ ತಾನಾಗಿ ಮುಂದೆ ಬರುತ್ತದೆ. ವರ್ಣಗಳಿಗೆ ಸ್ವರ, ಯೋಗವಾಹ, ವ್ಯಂಜನ ಎಂಬ ಅನುಕ್ರಮ ಕೊಟ್ಟರೆ ಒತ್ತಕ್ಷರಗಳು ಕಾಗುಣಿತದ ಹಿಂದೆ ಸಾಲುಗಟ್ಟುತ್ತವೆ, ‘ತಂಗಡಗಿ’ ನಿಘಂಟಿನ ಪದ್ಧತಿಯಂತೆ ‘ತಾ’ಕಾರಕ್ಕೂ ಮೊದಲೇ ನಿಲ್ಲುತ್ತದೆ. ಶಾಲೆಯ ಕಾಗುಣಿತದಲ್ಲಿ ತೌ ಆದಮೇಲೆ ತಂ ಎನ್ನುತ್ತೇವಲ್ಲ, ಆ ಕ್ರಮ ಬೇಕಾದವರು ವರ್ಣವನ್ನಲ್ಲ, ಇಡೀ ಅಕ್ಷರವನ್ನೇ ಘಟಕವಾಗಿ ಹಿಡಿಯಬೇಕು. ಊರ ಪಟ್ಟಿಗೆ ನಿಘಂಟಿನ ಕ್ರಮವೇ ಸರಿಯೆಂಬುದು ನನ್ನ ನಿಲುವು.

ಇನ್ನೊಂದು ಎಚ್ಚರಿಕೆ. ತಾಳಿಕೋಟೆ, ಕುಂಟೋಜಿ ಎಂಬ ಊರ ಹೆಸರುಗಳ ಓಕಾರವನ್ನು ಒಂದೇ ಸಂಕೇತವಾಗಿಯೂ ಮೂರು ತುಣುಕಾಗಿಯೂ ದಾಖಲಿಸಲು ಸಾಧ್ಯ. ಪರದೆಯ ಮೇಲೆ ವ್ಯತ್ಯಾಸ ಕಾಣದು. ಮೊದಲು ಅವನ್ನು ಏಕರೂಪಕ್ಕೆ ತರಬೇಕು. ತಾಳಿಕೋಟೆ–ತಾಳಿಕೋಟಿ ಎಂಬ ಭೇದ ಮಾತ್ರ ಬೇರೆ ಬಗೆಯದು. ಅದು ಜನರ ಬಾಯಿಯದು, ಯಾವ ‘ಕೀ’ಯೂ ಅದನ್ನು ಅಳಿಸಬಾರದು.

ಊರ ಪಟ್ಟಿಗಿಂತ ಹೆಚ್ಚಿನ ಹೊಣೆ ವಚನಗಳದು. ಈ ನೆಲದ ಬಸವಣ್ಣನ ವಚನಗಳಿಗೆ ಶೀರ್ಷಿಕೆಯಿಲ್ಲ. ಓದುಗ ಹುಡುಕುವುದು ಮೊದಲ ಸಾಲಿನಿಂದ. ಸಿಂದಗಿ ತಾಲ್ಲೂಕಿನವರಾದ ಎಂ. ಎಂ. ಕಲಬುರ್ಗಿ ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟದ 15 ಸಂಪುಟಗಳಂಥ ರಾಶಿಯಲ್ಲಿ ಅಕಾರಾದಿ ಜಾರಿದರೆ ವಚನವೇ ಕೈಗೆ ಸಿಗದು. ಇಂಥ ಸೂಚಿಗಳನ್ನು ಗಣಕದಿಂದ ಸಿದ್ಧಪಡಿಸುವ ಸಂಪಾದಕರು ತಾವು ಹಿಡಿದ ವರ್ಣಕ್ರಮವನ್ನು, ಅದರಲ್ಲೂ ಅನುಸ್ವಾರ, ಱ, ಳ, ೞಗಳ ಸ್ಥಾನವನ್ನು, ಮುನ್ನುಡಿಯಲ್ಲೇ ಅಚ್ಚು ಹಾಕಬೇಕೆಂದು ಕೋರುತ್ತೇನೆ.