ಮಿತಾಕ್ಷರೆಯ ಸ್ತ್ರೀಸಂಗ್ರಹಣ ಪ್ರಕರಣ

ಶಹಾಬಾದಿನ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಚಿತ್ತಾಪುರದ ನಾಗಾವಿಯಲ್ಲಿ ಘಟಿಕಾಸ್ಥಾನವೊಂದಿತ್ತೆಂದು 1058ರ ಶಾಸನದಿಂದ ತಿಳಿದುಬರುತ್ತದೆ. ಹೀಗೆ ಶಾಸ್ತ್ರಾಭ್ಯಾಸಕ್ಕೆ ಹದಗೊಂಡಿದ್ದ ಸೀಮೆಯ ಈ ಪಂಡಿತನು ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಅದನ್ನು ಆಸ್ತಿ ಹಂಚಿಕೆಯ ಗ್ರಂಥವೆಂದೇ ಬಲ್ಲವರು ಹೆಚ್ಚು. ವ್ಯವಹಾರಾಧ್ಯಾಯದ ಸ್ತ್ರೀಸಂಗ್ರಹಣ ಪ್ರಕರಣವನ್ನು ಓದಿದವರು ವಿರಳ.

ಪರಸ್ತ್ರೀಪುರುಷರ ಕೂಟವೇ ಸಂಗ್ರಹಣ. ಅದನ್ನು ಗುರುತಿಸುವ ಬಗೆ ಮೂರು. ವಿಜನದಲ್ಲಿ ಕಟಾಕ್ಷ, ನಗೆ, ಮಾತು ಪ್ರಥಮ. ಗಂಧ, ಮಾಲೆ, ವಸ್ತ್ರಾಭರಣಗಳನ್ನು ಕಳುಹುವುದು ಮಧ್ಯಮ. ಏಕಶಯ್ಯೆಯಲ್ಲಿ ಕುಳಿತು ಆಲಿಂಗಿಸುವುದು, ಕೇಶ ಹಿಡಿಯುವುದು ಉತ್ತಮ. ಇಲ್ಲಿ ಉತ್ತಮವೆಂದರೆ ಅತ್ಯುಗ್ರವೆಂದರ್ಥ! ದಂಡವಾದರೋ ವರ್ಣವನ್ನು ಅನುಸರಿಸುತ್ತದೆ. ಸಜಾತಿಯಲ್ಲಿ ಉತ್ತಮ ದಂಡ, ಅನುಲೋಮದಲ್ಲಿ ಮಧ್ಯಮ ದಂಡ. ಪ್ರತಿಲೋಮದಲ್ಲಿ ಪುರುಷನಿಗೆ ವಧೆ, ಸ್ತ್ರೀಗೆ ಕರ್ಣಾದಿಚ್ಛೇದ. ಒಂದೇ ಕೃತ್ಯವು ಕುಲಭೇದದಿಂದ ಬೇರೆ ಬೇರೆ ಅಪರಾಧವಾಗುವ ಈ ಕ್ರಮ ಕ್ರೂರವೇ ಸರಿ.

ಅದೇ ಕಲ್ಯಾಣದಲ್ಲಿ ಮುಂದೆ ಬೆಳೆದ ಶರಣಸಮಾಜದಲ್ಲಿ ಸೂಳೆ ಸಂಕವ್ವೆಯ ಹೆಸರಿದೆ. ನಿರ್ಲಜ್ಜೇಶ್ವರ ಅಂಕಿತದ ಆಕೆಯ ವಚನ ಒಂದೇ ದೊರೆತಿದೆ. ಒಬ್ಬನಿಂದ ಒತ್ತೆ ಪಡೆದ ಮೇಲೆ ಮತ್ತೊಬ್ಬನಿಂದ ಪಡೆಯೆನೆಂಬ ವೃತ್ತಿನಿಷ್ಠೆಯೇ ಅದರ ತಿರುಳು. ವ್ಯಭಿಚಾರವನ್ನು ವಿವಾಹದಿಂದಲ್ಲ, ಕುಲದಿಂದಲೂ ಅಲ್ಲ, ಕೊಟ್ಟ ಮಾತಿನಿಂದ ಅಳೆದವಳು ವಿವಾಹದ ಆವರಣದಿಂದಲೇ ಹೊರಗಿದ್ದ ಸ್ತ್ರೀಯೆಂಬುದು ಗಮನಾರ್ಹ.

ಮೆಕಾಲೆಯ 1837ರ ಕರಡಿನಲ್ಲಿ ವ್ಯಭಿಚಾರ ಅಪರಾಧವಾಗಿರಲಿಲ್ಲ. 1860ರ ದಂಡಸಂಹಿತೆಯ 497ನೆಯ ಕಲಮಿನಲ್ಲಿ ಅದು ಸೇರಿತು. ಶಿಕ್ಷೆ ಪರಪುರುಷನಿಗೆ ಮಾತ್ರ. ಪತಿಯ ಸಮ್ಮತಿಯಿದ್ದರೆ ಅಪರಾಧವೇ ಇಲ್ಲ. ಸ್ತ್ರೀಯನ್ನು ಶಿಕ್ಷೆಯಿಂದ ಬಿಟ್ಟದ್ದು ದಯೆಯಂತೆ ತೋರುತ್ತದೆ. ವಾಸ್ತವವಾಗಿ ಆಕೆಗೆ ಸ್ವಂತ ಇಚ್ಛೆಯೇ ಇಲ್ಲವೆಂಬ ಭಾವ ಅದರ ಹಿಂದಿದೆ. ಕಿವಿ ಕತ್ತರಿಸಿದ ಹಳೆಯ ಶಾಸ್ತ್ರ ಆಕೆಯನ್ನು ಕರ್ತೃವೆಂದಾದರೂ ಎಣಿಸಿತ್ತು. ಮತ್ತೊಬ್ಬಳೊಡನೆ ಕೂಡಿದ ಗಂಡನ ಮೇಲೆ ಹೆಂಡತಿ ದೂರು ಕೊಡುವಂತೆಯೂ ಇರಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ನಿಜಾಮರ ಆಳ್ವಿಕೆಗೆ ಸೇರಿದ್ದುದರಿಂದ ಈ ಸಂಹಿತೆ ಇಲ್ಲಿಗೆ ವಿಸ್ತರಿಸಿದ್ದು 1951ರಲ್ಲಿ. 2018ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಅದು ಇಲ್ಲ. ಆದರೆ 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಿದ್ದುಪಡಿಯಾದಂದಿನಿಂದ, ಒಂದು ಬಾರಿಯ ಪರಸಂಗವೂ ವಿಚ್ಛೇದನಕ್ಕೆ ಕಾರಣವಾಗಬಲ್ಲದು. ಆ ಬಾಗಿಲು ಪತಿಗೂ ಪತ್ನಿಗೂ ಸಮಾನವಾಗಿ ತೆರೆದಿದೆ.