ಕೆರೆ ಏರಿಗೆ ಕಂಟ್ರಾಕ್ಟರ್ ಹುಡುಕುವಾಗ ಓದಿಕೊಂಡ ಶಾಸನಗಳು

ನಮ್ಮೂರ ಕೆರೆ ಏರಿಯ ಒಳಮೈಗೆ ಕಲ್ಲು ಕಟ್ಟಿಸಬೇಕಿತ್ತು. ಹೋದ ವರ್ಷ ಕೆರೆ ಸಂಘದವರು ಮೂರು ಜನ ಕಂಟ್ರಾಕ್ಟರುಗಳಿಂದ ಕೊಟೇಷನ್ ತರಿಸಿ, ದೇವಸ್ಥಾನದ ಜಗಲಿ ಮೇಲೆ ಸಭೆ ಸೇರಿಸಿದ್ದರು. "ಮೇಷ್ಟ್ರೇ, ನೀವು ಹಳೇ ಕಲ್ಲು ಓದೋರು, ಬಂದು ಕೂತ್ಕೊಳ್ಳಿ" ಅಂತ ನನಗೂ ಹೇಳಿ ಕಳಿಸಿದರು. ಹಳೇ ಕಲ್ಲು ಓದುವುದಕ್ಕೂ ಹೊಸ ಕಲ್ಲು ಕಟ್ಟಿಸುವುದಕ್ಕೂ ಏನು ಸಂಬಂಧ ಅಂದುಕೊಂಡೇ ಹೋದೆ.

ಆ ಏರಿಗೆ ಇದು ಮೊದಲ ಕೆಲಸವಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಕಂಟ್ರಾಕ್ಟರ್ ಹಳೇ ಕಲ್ಲುಗಳನ್ನು ಕಿತ್ತು, ಸಿಮೆಂಟ್ ಗಾರೆಯಲ್ಲಿ ನೀಟಾದ ಗೋಡೆ ಎಬ್ಬಿಸಿದ್ದ. ನೋಡಲು ಚೆನ್ನಾಗಿತ್ತು. ಎರಡನೇ ಬೇಸಿಗೆಯಲ್ಲಿ ಕೆರೆ ನೀರು ಇಳಿಯುತ್ತಿದ್ದಂತೆ ಗೋಡೆ ಹೊಟ್ಟೆ ಬಿಟ್ಟು ಮುಂದಕ್ಕೆ ಬಾಗಿತು. ಮುಂದಿನ ಮಳೆಗೆ ಮೂವತ್ತು ಮಾರಿನಷ್ಟು ಉದ್ದ ಕೆರೆಯೊಳಕ್ಕೆ ಜಾರಿತು. ಬಿಲ್ ಆಗಿತ್ತು, ಅವಧಿ ಮುಗಿದಿತ್ತು, ಆತ ಫೋನ್ ಎತ್ತಲಿಲ್ಲ.

ಸಭೆಯಲ್ಲಿ ಮೂರೂ ಕೊಟೇಷನ್ ಓದಿದ್ದಾಯಿತು. ಕಲ್ಲು ಕೆಲಸದ ಮನೆತನದ ಅಜ್ಜ ಒಬ್ಬರು ಅಲ್ಲಿವರೆಗೆ ಸುಮ್ಮನಿದ್ದವರು ಕೇಳಿದರು: "ಕಟ್ಟೋದೇನೋ ಕಟ್ತಾರೆ. ಆಮೇಲೆ ನೋಡ್ಕೊಳ್ಳೋರು ಯಾರಪ್ಪಾ?" ಮೂರು ಕಾಗದದಲ್ಲೂ ಅದಕ್ಕೆ ಒಂದು ಸಾಲಿರಲಿಲ್ಲ. ನಮ್ಮಲ್ಲೂ ಉತ್ತರವಿರಲಿಲ್ಲ.

ಆ ರಾತ್ರಿ ಮನೆಗೆ ಬಂದು ಎಪಿಗ್ರಾಫಿಯಾ ಕರ್ನಾಟಿಕಾ ತೆಗೆದು ಕೂತೆ. ಕೆರೆ ಶಾಸನಗಳನ್ನು ಎಷ್ಟೋ ವರ್ಷಗಳಿಂದ ಓದಿದ್ದೇನೆ, ಆದರೆ ಯಾವಾಗಲೂ ಅರಸನ ಹೆಸರು, ತಿಥಿ, ಲಿಪಿ ನೋಡಿ ಮುಂದೆ ಹೋಗುತ್ತಿದ್ದೆ. ಈ ಸಲ ಕರಾರು ಪತ್ರ ಓದುವ ಹಾಗೆ ಓದಿದೆ. ಯಾರು ಕಟ್ಟಿದರು, ಅವರಿಗೆ ಏನು ಸಿಕ್ಕಿತು, ಒಡೆದರೆ ಯಾರ ತಲೆಗೆ? ಈ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದರೆ ನಮ್ಮ ಶಾಸನಗಳು ಬೇರೆಯದೇ ರೀತಿ ಕಾಣುತ್ತವೆ.

ಮೊದಲು ಪದಗಳನ್ನೇ ನೋಡಿ. ಗಂಗರ ಕಾಲದಿಂದಲೂ ಶಾಸನಗಳಲ್ಲಿ 'ಬಿತ್ತುವಟ್ಟ' ಅಥವಾ 'ಬಿತ್ತುಕಟ್ಟ' ಅನ್ನುವ ಮಾತು ಬರುತ್ತದೆ. ಕೆರೆಯ ಸಂರಕ್ಷಣೆಗೆಂದು ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಅದು. 'ಕಟ್ಟುಕೊಡಗೆ' ಅಂದರೆ ಕೆರೆ ಕಟ್ಟಿಸಿದವನಿಗೆ ಕೊಟ್ಟ ಮಾನ್ಯದ ಭೂಮಿ. 'ದಶವಂದ' ಅಂದರೆ, ಹೆಸರೇ ಹೇಳುವಂತೆ, ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಹುಟ್ಟಿದ ಇನಾಮು. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಸಲ್ಲುತ್ತಿತ್ತು. ಹೂಳು ಹೊರುವ ಬಂಡಿಗೆ, ಅದನ್ನು ಎಳೆಯುವ ಕೋಣಗಳಿಗೆ, ಬಂಡಿಯವನ ಜೀವನಕ್ಕೆ ಬೇರೆ ಬೇರೆಯಾಗಿ ದತ್ತಿ ಬಿಟ್ಟ ಶಾಸನಗಳೂ ಇವೆ. ಇವುಗಳಲ್ಲಿ ಒಂದು ಸಮಾನ ಅಂಶ ಇದೆ. ಕಟ್ಟಿದವನಿಗೆ ಸಿಗುವ ಫಲ ಬರುವುದು ಕೆರೆಯ ನೀರು ಹರಿಯುವ ಗದ್ದೆಯಿಂದಲೇ. ಕೆರೆ ಒಡೆದರೆ ಅವನ ಆದಾಯವೂ ನಿಂತಿತು. ನಮ್ಮ ಹಳೇ ಕಂಟ್ರಾಕ್ಟರಿಗೆ ಇಂಥ ಹಂಗು ಇರಲಿಲ್ಲ.

ಇನ್ನು ಕೆಲಸದ ಗುಣಮಟ್ಟದ ವಿಚಾರ. ಇದಕ್ಕೆ ಗಡಿ ದಾಟಿ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳಕ್ಕೆ ಹೋಗಬೇಕು. ಅಲ್ಲಿನ ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ, ಭವದೂರ ಅಂತಲೂ ಹೆಸರು. ಶಕ 1291ರ, ಅಂದರೆ ಕ್ರಿ.ಶ. 1369ರ ಈ ಸಂಸ್ಕೃತ ಶಾಸನವನ್ನು ವಿ. ಎಸ್. ಸುಕ್ಥಂಕರ್ ಅವರು ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಏರಿಯ ಉದ್ದ 5000 ರೇಖಾದಂಡ. ದಿನಕ್ಕೆ 1000 ಕೂಲಿಗಳು. ಕಲ್ಲು ಕೆಲಸಕ್ಕೆ 100 ಬಂಡಿಗಳು. ಮುಗಿಯಲು ಎರಡು ವರ್ಷ. ಇಷ್ಟು ಸ್ಪಷ್ಟವಾದ 'ಎಸ್ಟಿಮೇಟ್' ಕೊಡುವ ಶಾಸನಗಳು ಕಡಿಮೆ.

ಅದಕ್ಕಿಂತ ಮುಖ್ಯ, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳು ಮತ್ತು ತಪ್ಪಿಸಬೇಕಾದ 6 ದೋಷಗಳ ಪಟ್ಟಿ. ಪಟ್ಟಿಯ ತಲೆಯಲ್ಲಿ ಧರ್ಮಿಷ್ಠನೂ ಸಿರಿವಂತನೂ ಆದ ಅರಸ, ಆಮೇಲೆ ಜಲಶಾಸ್ತ್ರ ಬಲ್ಲ ಬ್ರಾಹ್ಮಣ. ನಂತರ ಗಟ್ಟಿ ಜೇಡಿನ ನೆಲ, ಸಿಹಿನೀರಿನ ಹೊಳೆ, ಎರಡು ಗುಡ್ಡಗಳ ನಡುವೆ ತೀರಾ ಉದ್ದವಲ್ಲದ ಭದ್ರ ಕಲ್ಲಿನ ಏರಿ, ಆಳವೂ ವಿಶಾಲವೂ ಆದ ಅಂಗಳ, ನೇರವಾದ ಉದ್ದನೆಯ ಕಲ್ಲು ಸಿಗುವ ಗಣಿ, ಹತ್ತಿರದಲ್ಲೇ ಫಲವತ್ತಾದ ಸಮತಟ್ಟು ಭೂಮಿ ಮುಂತಾದವು. ಕೊನೆಯ, 12ನೇ ಅಂಗ: ಕೆರೆ ಕಟ್ಟುವುದರಲ್ಲಿ ಪಳಗಿದ ಕೆಲಸಗಾರರ ತಂಡ. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ನೆಲ ಹೆಚ್ಚು, ನೆಲ ಕಡಿಮೆಯಿದ್ದು ನೀರು ಹೆಚ್ಚು. ಗಡಿಯ ವಿಚಾರ ಓದಿದಾಗ ಇವತ್ತಿನ ನದಿ ವ್ಯಾಜ್ಯಗಳು ನೆನಪಾಗದೆ ಇರುವುದಿಲ್ಲ.

'ನೇರವಾದ ಉದ್ದನೆಯ ಕಲ್ಲು' ಯಾಕೆ? ಇದನ್ನು ನನಗೆ ಬಿಡಿಸಿ ಹೇಳಿದವರು ಪುಸ್ತಕವಲ್ಲ, ಜಗಲಿಯ ಅಜ್ಜ. ಮಾರನೇ ದಿನ ಏರಿ ಮೇಲೆ ಕರೆದುಕೊಂಡು ಹೋಗಿ, ಬೀಳದೆ ಉಳಿದಿದ್ದ ಹಳೇ ಭಾಗ ತೋರಿಸಿದರು. ಹೊರಗೆ ನೋಡಿದರೆ ಒಂದು ಗೇಣು ಮುಖದ ಕಲ್ಲು. ಒಳಗೆ ಎರಡು ಮೊಳ ಮಣ್ಣಿನೊಳಗೆ ಹೋಗಿ ಕೂತಿದೆ. ಅಲೆ ಎಷ್ಟು ಬಡಿದರೂ ಕಿತ್ತು ಬರುವುದಿಲ್ಲ. ಕಲ್ಲುಗಳ ನಡುವೆ ಗಾರೆ ಇಲ್ಲ, ಹಿಂದೆ ಗರಸಿನ ಪದರ. "ಕೆರೆ ತುಂಬಿದಾಗ ಏರಿ ಮಣ್ಣು ನೀರು ಕುಡೀತದೆ ಮೇಷ್ಟ್ರೇ. ಕೆರೆ ಇಳಿದಾಗ ಆ ನೀರು ವಾಪಸ್ ಕೆರೆಗೆ ಬರ್ಬೇಕು. ದಾರಿ ಮುಚ್ಚಿದ್ರೆ ಗೋಡೆನ ತಳ್ಕೊಂಡ್ ಬರ್ತದೆ." ಬಿದ್ದ ಸಿಮೆಂಟ್ ಗೋಡೆಗೆ ನೀರು ಬಸಿಯಲು ಒಂದೇ ಒಂದು ತೂತು ಬಿಟ್ಟಿರಲಿಲ್ಲ. ಶಾಸನ ಹೇಳುವ ಜಿನುಗುವ ದೋಷ ಏರಿಯ ಆಚೆ ಬದಿಗೆ ನೀರು ಸೋರುವುದು. ಇದು ಈಚೆ ಬದಿಗೆ ಬಸಿಯುವುದು. ಮೊದಲನೆಯದನ್ನು ತಡೆಯಬೇಕು, ಎರಡನೆಯದಕ್ಕೆ ದಾರಿ ಬಿಡಬೇಕು. ಪೋರುಮಾಮಿಳ್ಳದ ಪಟ್ಟಿಯಲ್ಲಿ ಗಣಿಗೂ ಕಸುಬುದಾರರಿಗೂ ಒಂದೊಂದು ಅಂಗದ ಸ್ಥಾನ ಯಾಕೆ ಕೊಟ್ಟರು ಅನ್ನುವುದು ಆಗ ಹೊಳೆಯಿತು.

ಸಾಮಾನ್ಯವಾಗಿ ಶಾಸನಗಳಲ್ಲಿ ಕಟ್ಟಿಸಿದವನ ಹೆಸರಿರುತ್ತದೆ, ಕಟ್ಟಿದವನದು ಇರುವುದಿಲ್ಲ. ಹಾಗಾಗಿ ಗೌರಿಬಿದನೂರು ತಾಲೂಕಿನ ಕಲ್ಲೂಡಿಯ 1388ರ ಶಾಸನ ನನಗೆ ಬಹಳ ಇಷ್ಟ. ಇಮ್ಮಡಿ ಹರಿಹರನ ಮಗ ಪ್ರತಾಪ ಬುಕ್ಕರಾಯ ಪೆನುಗೊಂಡೆಗೆ ಹೆನ್ನೆ, ಅಂದರೆ ಪೆನ್ನಾರ್ ನದಿಯ ನೀರು ತರಬೇಕೆಂದು ಅಪ್ಪಣೆ ಕೊಟ್ಟದ್ದು ಜಲಸೂತ್ರದ ಸಿಂಗಾಯಭಟ್ಟನಿಗೆ. ಆತ ಕಲ್ಲೂಡಿಯಿಂದ ಸಿರುವರೆಯ ಕೆರೆಗೆ ಕಾಲುವೆ ತಂದ. ಇಂಜಿನಿಯರನ ಹೆಸರೇ ಕಲ್ಲಿನ ಮೇಲೆ ಉಳಿದಿರುವ ಅಪರೂಪದ ಪ್ರಸಂಗ ಇದು.

ಹಾಗಂತ ಹಳೆಯವರು ಕಟ್ಟಿದ್ದೆಲ್ಲ ನಿಂತಿತು ಅಂತೇನಲ್ಲ. ಕೃಷ್ಣದೇವರಾಯ ಇಂದಿನ ಹೊಸಪೇಟೆಯ ಬಳಿ ನಾಗಲಾಪುರದ ಕೆರೆ ಕಟ್ಟಿಸಿದ ಕಥೆ ಗೊತ್ತಿರಬಹುದು. ಇದು ಶಾಸನದಿಂದಲ್ಲ, ಪೋರ್ಚುಗೀಸರಾದ ಪಯಸ್ ಮತ್ತು ನೂನಿಜ್ ಬರಹಗಳಿಂದ ತಿಳಿಯುವುದು. 1520ರ ಆಸುಪಾಸಿನಲ್ಲಿ ಕೆಲಸವನ್ನು ಕಣ್ಣಾರೆ ಕಂಡ ಪಯಸ್, ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದರು ಅನ್ನುತ್ತಾನೆ. ರಾಯ ಏರಿಯ ಕೆಲಸವನ್ನು ತನ್ನ ನಾಯಕರಿಗೆ ಪಾಲು ಹಂಚಿ, ಅವರವರ ಜನರಿಂದ ಮಾಡಿಸುವ ಹೊಣೆ ಹೊರಿಸಿದ್ದ. ಇವತ್ತಿನ ಭಾಷೆಯಲ್ಲಿ ಸಬ್ ಕಂಟ್ರಾಕ್ಟ್. ನೂನಿಜ್ ಪ್ರಕಾರ ಜೊಆವ್ ದೆಲ್ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ನಿಪುಣನನ್ನೂ ಕರೆಸಿದ್ದ. ಇದು ಆಗದ ಕೆಲಸ ಅಂತ ಮನಸ್ಸಿನಲ್ಲಿ ಅನಿಸಿದರೂ ಆತ ಆಗಲಿ ಅಂದ. ಸುಣ್ಣ ಮಾಡಿಸಿಕೊಡಿ ಅಂತ ಕೇಳಿದ. ಆಗುವುದಿಲ್ಲ ಅಂತ ಗೊತ್ತಿದ್ದೂ ಒಪ್ಪಿಕೊಳ್ಳುವ ಕಂಟ್ರಾಕ್ಟರ್ ಇವತ್ತಿನವನಲ್ಲ, ನೋಡಿ!

ಕಣಿವೆಗೆ ದೊಡ್ಡ ಬಂಡೆಗಳನ್ನು ಉರುಳಿಸಿದರೂ ಹಗಲು ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತಂತೆ. ಕೆರೆ ಎರಡು ಮೂರು ಸಲ ಒಡೆಯಿತು ಅಂತ ಪಯಸ್ ಬರೆಯುತ್ತಾನೆ. ಕೊನೆಗೆ ದೇವರಿಗೆ ಬಲಿ ಬೇಕೆಂಬ ಮಾತು ಬಂದು, 60 ಮನುಷ್ಯರ ಜೊತೆಗೆ ಕುದುರೆ ಕೋಣಗಳ ತಲೆ ಕಡಿಯಲಾಯಿತು. ಬಲಿಯಾದವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳು ಅನ್ನುತ್ತಾನೆ ನೂನಿಜ್. 'ನಮ್ಮ ಪೂರ್ವಜರ ಜಲ ವಿಜ್ಞಾನ' ಅಂತ ಹೆಮ್ಮೆಯಿಂದ ಬರೆಯುವ ನಾವು ಈ ಪುಟವನ್ನು ಮಗುಚಿ ಮುಂದೆ ಹೋಗಬಾರದು. ಏರಿ ನಿಲ್ಲದಿದ್ದಾಗ ಬೆಲೆ ತೆತ್ತವರು ಯೋಜನೆ ಮಾಡಿದವರಲ್ಲ. ಆದರೆ ಅದೇ ನೂನಿಜ್ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಕೆರೆ ನಿಂತ ಮೇಲೆ ರಾಯ ಅದರ ಕೆಳಗಿನ ಭೂಮಿಯನ್ನು ಜನರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟ. ಗದ್ದೆ ಹದವಾದ ಮೇಲೆ ಆದಾಯ 20,000 ಪರದಾವ್ ಮುಟ್ಟಿತು. ಏರಿ ಕಟ್ಟಿದರೆ ಅರ್ಧ ಕೆಲಸ, ಗದ್ದೆ ಎದ್ದಾಗಲೇ ಪೂರ್ತಿ ಅನ್ನುವುದು ಅವನಿಗೆ ಗೊತ್ತಿತ್ತು.

ಅಜ್ಜನ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಹರಿಹರದಲ್ಲಿ. ಸೂಳೆಕೆರೆಯಿಂದ ಹೊರಟು ತುಂಗಭದ್ರೆ ಸೇರುವ ಹರಿದ್ರಾ ನದಿಗೆ, ಒಂದನೇ ದೇವರಾಯನ ಕಾಲದಲ್ಲಿ, 1410ರಲ್ಲಿ, ಕಟ್ಟೆ ಕಟ್ಟಿ ಹರಿಹರ ದೇವರ ಭೂಮಿಯ ಮೂಲಕ ಬೆಳ್ಳೂಡಿಗೆ ಕಾಲುವೆ ತೆಗೆಯುವ ಒಪ್ಪಂದ ಆಯಿತು. ಹಣ ಹಾಕಿ ಕಟ್ಟಿಸುವವರು ಬ್ರಾಹ್ಮಣರು, ಭೂಮಿ ದೇವರದು. ದೇವರ ಸೀಮೆಯಲ್ಲಿ ನೀರು ಹರಿಯುವಷ್ಟು ಭೂಮಿಯನ್ನು ಮೂರು ಪಾಲು ಮಾಡಿ, ದೇವರಿಗೂ ಕಟ್ಟಿಸಿದವರಿಗೂ ಎರಡಕ್ಕೆ ಒಂದರ ಲೆಕ್ಕದಲ್ಲಿ ಹಂಚಿದರು. ದುರಸ್ತಿ ಬಂದರೆ ಖರ್ಚೂ ಹಾಗೆಯೇ ಎರಡಕ್ಕೆ ಒಂದು. ಲಾಭ ಹಂಚಿದ ಲೆಕ್ಕದಲ್ಲೇ ಹೊಣೆಯನ್ನೂ ಹಂಚಿದ್ದಾರೆ.

ಆದರೆ ಆ ಕಟ್ಟೆಯೂ ಒಡೆಯಿತು. 1424ರ ಶಾಸನದ ಪ್ರಕಾರ ಒಡೆದ ಕಟ್ಟೆಯನ್ನು ಮತ್ತೆ ಕಟ್ಟಿಸಲು ಸೇನಾನಿ ಚಾಮನೃಪಾಲನ ಹಣ ಬೇಕಾಯಿತು. ಸಣ್ಣಪುಟ್ಟ ರಿಪೇರಿಗೆ ಪಾಲು ಹಾಕಿಕೊಂಡ ಕರಾರು ದೊಡ್ಡ ಅನಾಹುತಕ್ಕೆ ಸಾಲಲಿಲ್ಲ ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಕಲ್ಲಿನಲ್ಲಿ ಕೆತ್ತಿಸಿದ ಮಾತ್ರಕ್ಕೆ ನೀರು ಕೇಳುವುದಿಲ್ಲ.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಕಥೆಯ ಹಾಗೆ ಹೇಳಿದೆ. ವರ್ಷಕ್ಕೊಮ್ಮೆ ನಡೆಯುವ ಮೀನು ಹರಾಜಿನ ದುಡ್ಡು ಜಾತ್ರೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಅದರಲ್ಲಿ ಏರಿಗೆ ಏನಾದರೂ ತೆಗೆದಿಡಿ ಅಂದಾಗ ಹುಡುಗರು ಗಲಾಟೆ ಮಾಡಿದರು. ಹರಿಹರದ ಲೆಕ್ಕ ಕೇಳಿದ ಮೇಲೆ ಅವರಲ್ಲೇ ಒಬ್ಬ, "ಹಂಗಾದ್ರೆ ದೇವ್ರಿಗೆ ಎರಡು ಪಾಲು, ಏರಿಗೆ ಒಂದು ಪಾಲು, ಆಯ್ತಲ್ಲ" ಅಂದ. ಆಯಿತು. ಗಾರೆಯಿಲ್ಲದ ಕಟ್ಟಡ, ಹಿಂದೆ ಗರಸು, ಕೊನೆಯ ಕಂತಿನ ಹಣ ಎರಡು ಮಳೆಗಾಲ ಕಳೆದ ಮೇಲೆ ಅಂತ ಕರಾರಿಗೆ ಸೇರಿಸಿದೆವು. ಒಬ್ಬ ಕಂಟ್ರಾಕ್ಟರ್ ಎದ್ದು ಹೋದ. ಇನ್ನೊಬ್ಬ ನಕ್ಕ. ಮೂರನೆಯವನು, "ರೇಟ್ ಸ್ವಲ್ಪ ಜಾಸ್ತಿ ಆಗ್ತದೆ ಸಾರ್" ಅಂದು ಒಪ್ಪಿದ. ಕಲ್ಲು ಕೂರಿಸುವಾಗ ಅಜ್ಜ ದಿನಾ ಬಂದು ನೋಡಬೇಕು ಅನ್ನುವುದೂ ಕರಾರಿನಲ್ಲಿದೆ.

ಇಷ್ಟು ದಿನ ತಡೆದು ಈ ಬರಹ ಬರೆಯಲು ಕಾರಣ ಬೇರೆ. ಕುಸಿದ ಸಿಮೆಂಟ್ ಗೋಡೆಯ ಕಲ್ಲುಗಳನ್ನು ಎತ್ತುವಾಗ ಒಂದು ಚಪ್ಪಡಿ ಸಿಕ್ಕಿತು. ಮೇಲ್ಭಾಗದಲ್ಲಿ ಸೂರ್ಯ ಚಂದ್ರ, ಕೆಳಗೆ ಸಾಲು ಸಾಲು ಅಕ್ಷರ. ಗೋಡೆಗೆ ಹೊಂದಲಿ ಅಂತ ಉಳಿಯಿಂದ ಒಂದು ಅಂಚು ಹೊಡೆದಿದ್ದಾರೆ. ಬರಹದ ಮುಖಕ್ಕೆ ಗಾರೆ ಮೆತ್ತಿ ಒಳಗೆ ತಿರುಗಿಸಿ ಇಟ್ಟಿದ್ದಾರೆ. ನೀರಿನಲ್ಲಿ ತೊಳೆದು, ಸಂಜೆಯ ಓರೆ ಬೆಳಕಿನಲ್ಲಿ ಮೂರು ದಿನ ಕೂತರೂ ನನಗೆ ದಕ್ಕಿದ್ದು 'ಕೊಡಗೆ' ಅನ್ನುವ ಒಂದು ಪದ, ಕೊನೆಯಲ್ಲಿ ಶಾಪಾಶಯದ ಚೂರು. ಯಾರು ಕಟ್ಟಿದರು, ಯಾವ ಗದ್ದೆ ಬಿಟ್ಟರು, ಯಾರು ನೋಡಿಕೊಳ್ಳಬೇಕಿತ್ತು ಅನ್ನುವ ಸಾಲುಗಳು ಉಳಿಯ ಏಟಿಗೆ ಹೋಗಿವೆ. ನಮ್ಮ ಕೆರೆಯ ಹಳೇ ಕರಾರೇ ಹೊಸ ಗೋಡೆಗೆ ಜಲ್ಲಿಯಾಗಿತ್ತು.

ಚಪ್ಪಡಿಯನ್ನು ಈಗ ತೂಬಿನ ಪಕ್ಕ ಎತ್ತರದಲ್ಲಿ ನಿಲ್ಲಿಸಿದ್ದೇವೆ. ಓದುಗರಲ್ಲಿ ಒಂದೇ ವಿನಂತಿ. ನಿಮ್ಮೂರ ಕೆರೆಗೆ ಟೆಂಡರ್ ಆಗಿದೆ ಅಂತ ಗೊತ್ತಾದರೆ, ಜೆಸಿಬಿ ಬರುವ ಮೊದಲು ಒಂದು ಬೆಳಗ್ಗೆ ಏರಿ, ತೂಬು, ಕೋಡಿ ಸುತ್ತಿ ಬನ್ನಿ. ಅಕ್ಷರವಿರುವ ಕಲ್ಲು ಕಂಡರೆ ಓರೆ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ಊರಿನವರಿಗೂ ಕೆಲಸದವರಿಗೂ ಆ ಕಲ್ಲು ಮುಟ್ಟಬಾರದು ಅಂತ ಹೇಳಿ, ಜಿಲ್ಲೆಯ ಪುರಾತತ್ವ ಇಲಾಖೆಗೆ ತಿಳಿಸಿ.

ಈ ಮುಂಗಾರಿಗೆ ನಮ್ಮ ಕೆರೆ ಮುಕ್ಕಾಲು ತುಂಬಿದೆ. ಕಲ್ಲು ಕೂತ ಜಾಗದಲ್ಲೇ ಇದೆ. ಇನ್ನೊಂದು ಮಳೆಗಾಲ ಬಾಕಿ, ಕೊನೆಯ ಕಂತು ಇನ್ನೂ ಸಂಘದ ಖಾತೆಯಲ್ಲಿದೆ.