ಹಾರುವ ಮುನ್ನ...

ಮೊನ್ನೆ ಗೆಳೆಯನ ಕ್ಯಾಮೆರಾ ಡ್ರೋನಿಗೆ ಪ್ರೊಪೆಲ್ಲರ್ ಸಿಕ್ಕಿಸ್ತಿದ್ದೆ. ಎರಡು ಬಲಕ್ಕೆ ತಿರುಗೋವು, ಎರಡು ಎಡಕ್ಕೆ. ಅದಲುಬದಲಾದರೆ ಏಳುವ ಬದಲು ಮಗುಚಿಕೊಳ್ಳುತ್ತೆ. "ಇಷ್ಟಕ್ಕೆ ಎಷ್ಟೊತ್ತು ಮಾರಾಯಾ?" ಅಂದ. ನನಗೆ ರೈಟ್ ಸಹೋದರರು ನೆನಪಾದರು.

1903ರಲ್ಲಿ ಅವರೂ ತಾವೇ ಕೆತ್ತಿದ ಎರಡು ಮರದ ಪ್ರೊಪೆಲ್ಲರುಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದ್ದರು, ಒಂದರ ತಿರುಚು ಬಲವನ್ನು ಇನ್ನೊಂದು ಸರಿದೂಗಿಸಲಿ ಅಂತ. ಅವರ ಲೆಕ್ಕದಲ್ಲಿ ಪ್ರೊಪೆಲ್ಲರ್ ಅಂದರೆ ಸುತ್ತುವ ರೆಕ್ಕೆ. ಲೆಕ್ಕವೇನೋ ಸರಿಯಾಗೇ ಇತ್ತು. ಆದರೆ ಅಮೆರಿಕದ ಕಿಟ್ಟಿ ಹಾಕ್ ಬಳಿ ಎಂಜಿನ್ ಚಾಲೂ ಮಾಡಿದಾಗ ಕೈಕೊಟ್ಟಿದ್ದು ಪ್ರೊಪೆಲ್ಲರ್ ತಿರುಗಿಸುವ ಶಾಫ್ಟು! ಒಮ್ಮೆ ರಿಪೇರಿ ಮಾಡಿಸಿದರೂ ನವೆಂಬರಿನಲ್ಲಿ ಮತ್ತೆ ಬಿರುಕು. ಚಳಿಗಾಲ ಬೇರೆ ಎದುರಿಗೆ. ಆರ್ವಿಲ್ ತಮ್ಮೂರು ಡೇಟನ್‌ಗೆ ವಾಪಸ್ ಹೋಗಿ ಗಟ್ಟಿ ಉಕ್ಕಿನ ಶಾಫ್ಟ್ ತಂದರು. ಡಿಸೆಂಬರ್ 17ರಂದು ವಿಮಾನ ಹಾರಿತು, ಮೊದಲ ಸಲ ಬರೀ 12 ಸೆಕೆಂಡು.

ಅವರು ಅಷ್ಟು ಕಾದರು. ನಮಗೆ ಒಂದು ನಿಮಿಷ ಹೆಚ್ಚಾ? ನೀವೇನಂತೀರಿ?